ಹಾಡಿನ ಕಳವು, ಕೋರ್ಟಿನ ಅರಿವು

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ಬಾಡಿಗೆಗಿರುವ ಟಿ. ದಾಸರಹಳ್ಳಿಯ ಒಂದು ವಠಾರವನ್ನು ಊಹಿಸಿಕೊಳ್ಳಿ. ಆರು ಮನೆ, ಒಂದೇ ಇಂಟರ್‌ನೆಟ್ ಸಂಪರ್ಕ, ಅದರ ಬಾಬ್ತು ಎಲ್ಲರಿಗೂ ಹಂಚಿಕೆ. ಆ ಸಂಪರ್ಕದಿಂದ ಯಾರೋ ಒಂದು ಸಿನಿಮಾ ಹಾಡನ್ನು ಅನುಮತಿಯಿಲ್ಲದೆ ಹಂಚಿದರೆ ಕಂಪನಿಯ ಕೈಗೆ ಸಿಗುವುದು ಐಪಿ ವಿಳಾಸವೆಂಬ ಒಂದು ಸಂಖ್ಯೆ. ಸಂಪರ್ಕ ಯಾರ ಹೆಸರಿನಲ್ಲಿದೆಯೆಂಬುದು ಅದರಿಂದ ತಿಳಿದೀತು. ಗುಂಡಿ ಒತ್ತಿದ ಬೆರಳು ಯಾರದೆಂಬುದು ತಿಳಿಯದು. ಈ ವ್ಯತ್ಯಾಸ ಅರಿಯದವರ ಮುಂದೆ ಮೊಕದ್ದಮೆ ಬಂದರೆ ಗತಿಯೇನು?

ಅಮೆರಿಕದ ಮಿನ್ನೆಸೋಟದಲ್ಲಿ 24 ಹಾಡುಗಳಿಗಾಗಿ ಕಂಪನಿಗಳು ಒಬ್ಬ ಹೆಣ್ಣುಮಗಳ ಮೇಲೆ ದಾವೆ ಹೂಡಿದವು. 2007ರ ಜ್ಯೂರಿ ವಿಧಿಸಿದ್ದು 2,22,000 ಡಾಲರು, 2009ರದ್ದು 19,20,000, 2010ರದ್ದು 15,00,000. ಹಾಡು ಅವೇ, ಹೆಂಗಸು ಅವಳೇ! 2012ರಲ್ಲಿ ಮೇಲಿನ ಕೋರ್ಟು ಮೊದಲ ಮೊತ್ತಕ್ಕೇ ಮರಳಿತು. ಜ್ಯೂರಿಗೆ ಕಂಪ್ಯೂಟರಿನ ಗಂಧವಿಲ್ಲವೆಂದು ಗೇಲಿ ಮಾಡುವುದು ಸುಲಭ. ಆದರೆ ಮೊದಲ ತೀರ್ಪು 2008ರಲ್ಲಿ ರದ್ದಾದದ್ದು ಜ್ಯೂರಿಯ ಅಜ್ಞಾನದಿಂದಲ್ಲ. ಹಾಡನ್ನು ಇತರರ ಕೈಗೆಟುಕುವಂತೆ ಇಟ್ಟರೆ ಸಾಕು, ಹಂಚಿದಂತೆಯೇ ಎಂದು ತಾವು ಜ್ಯೂರಿಗೆ ಕಾನೂನನ್ನು ತಪ್ಪಾಗಿ ಹೇಳಿದ್ದಾಗಿ ನ್ಯಾಯಾಧೀಶರೇ ಒಪ್ಪಿಕೊಂಡದ್ದರಿಂದ. ತಿಳಿಯದಿರುವುದು ಸಾಮಾನ್ಯನ ಅಪರಾಧವಲ್ಲ. ತಿಳಿಸಬೇಕಾದವರು ತಿಳಿಸದಿರುವುದು ಅಪರಾಧ.

ನಮ್ಮಲ್ಲಿ ಜ್ಯೂರಿಯಿಲ್ಲವಲ್ಲ ಎನ್ನಬಹುದು. 1959ರ ನಾನಾವತಿ ಮೊಕದ್ದಮೆಯಿಂದ ಹೆಸರುಗೆಟ್ಟ ಆ ಪದ್ಧತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಳವಿರಲಿಲ್ಲ, ನಿಜ. ಆದರೆ ಜ್ಯೂರಿ ಹೋದರೂ ಪ್ರಶ್ನೆ ಹೋಗಲಿಲ್ಲ. ಹಲವು ತಲೆಗಳ ಮೇಲಿದ್ದ ಹೊರೆ ಒಂದೇ ತಲೆಯ ಮೇಲೆ ಬಿತ್ತು.

2022ರ ನವೆಂಬರಿನಲ್ಲಿ ಆದದ್ದನ್ನು ನೋಡಿ. ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಲ್ಲಿ 'ಕೆಜಿಎಫ್ 2' ಚಿತ್ರದ ಹಾಡು ಬಳಸಿದ್ದಾರೆಂದು ಎಂಆರ್‌ಟಿ ಮ್ಯೂಸಿಕ್ ಕಂಪನಿ ಪೀಣ್ಯಕ್ಕೆ ಹತ್ತಿರದ ಯಶವಂತಪುರ ಠಾಣೆಯಲ್ಲಿ ದೂರಿತ್ತು, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಕ್ಕೂ ಹೋಯಿತು. ಕಂಪನಿ ತಂದ ಸಿ.ಡಿ.ಯನ್ನು ನಂಬಿ, ಎದುರು ಪಕ್ಷದ ಮಾತು ಕೇಳುವ ಮುನ್ನವೇ, ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು 7ರಂದು ಆದೇಶವಾಯಿತು. ನೆಗಡಿಗೆ ಮೂಗು ಕೊಯ್ದಂತಾಯಿತು! ಕೋರ್ಟಿನ ಕಂಪ್ಯೂಟರ್ ವಿಭಾಗದ ಅಧಿಕಾರಿಯನ್ನು ಪರಿಶೀಲನೆಗೆ ನೇಮಿಸಿದ್ದೂ ಅದೇ ಆದೇಶದಲ್ಲಿ. ಅಂದರೆ ತಡೆ ಮೊದಲು, ತಪಾಸಣೆ ಆಮೇಲೆ. ಮರುದಿನವೇ ಹೈಕೋರ್ಟು, ಆಕ್ಷೇಪಿತ ವಿಡಿಯೋಗಳನ್ನು ತೆಗೆಯಬೇಕೆಂಬ ಷರತ್ತಿನೊಡನೆ, ಆ ಆದೇಶವನ್ನು ಬದಿಗಿಟ್ಟಿತು.

ದೊಡ್ಡ ಪಕ್ಷಕ್ಕೆ ದೊಡ್ಡ ವಕೀಲರಿದ್ದರು. ಒಂದು ದಿನದಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮೆಮೊರಿ ಕಾರ್ಡಿಗೆ ಹತ್ತಿಪ್ಪತ್ತು ರೂಪಾಯಿಗೆ ಹಾಡು ತುಂಬಿಕೊಡುವ ದಾಸರಹಳ್ಳಿಯ ಹುಡುಗನಿಗೆ ಯಾರಿದ್ದಾರೆ? ಕರ್ನಾಟಕದ 1985ರ ಗೂಂಡಾ ಕಾಯಿದೆಯನ್ನು 2014ರಲ್ಲಿ ತಿದ್ದಿ 'ಡಿಜಿಟಲ್ ಅಪರಾಧಿ'ಯನ್ನೂ ಅದರೊಳಗೆ ಸೇರಿಸಿದ್ದಾರೆ. ವಿಚಾರಣೆಗೆ ಮುಂಚೆಯೇ ಒಂದು ವರ್ಷದವರೆಗೆ ಬಂಧನದಲ್ಲಿಡಬಲ್ಲ ಕಾನೂನು ಅದು. ಅಲ್ಲಿ ಐಪಿ ವಿಳಾಸದ ಅರ್ಥವನ್ನು ಯಾರು ಯಾರಿಗೆ ಬಿಡಿಸಿ ಹೇಳಬೇಕು?

ಕಳವನ್ನು ನಾವು ಸಮರ್ಥಿಸುತ್ತಿಲ್ಲ. ಹಾಡು ಬರೆದವನದೂ ರಾಗ ಕಟ್ಟಿದವನದೂ ದುಡಿಮೆಯೇ. ಅವರಿಗೆ ಗೌರವಧನದ ಪಾಲು ಸಲ್ಲಬೇಕೆಂದು 2012ರ ತಿದ್ದುಪಡಿ ಹೇಳಿದ್ದು ಸರಿಯಾಗಿಯೇ ಇದೆ. ನಾವು ಕೇಳುವುದು ಇಷ್ಟೇ. 1970ರ ಪೇಟೆಂಟ್ ಕಾಯಿದೆಯ 115ನೇ ಕಲಮಿನಂತೆ ಕೋರ್ಟು ಸ್ವತಂತ್ರ ವೈಜ್ಞಾನಿಕ ಸಲಹೆಗಾರನನ್ನು ನೇಮಿಸಬಹುದು. ಕೃತಿಸ್ವಾಮ್ಯದ ಮೊಕದ್ದಮೆಗಳಲ್ಲೂ ಅಂಥ ಸಲಹೆಗಾರನಿರಲಿ. ಆದೇಶಕ್ಕೆ ಮುಂಚೆ ಆತ ಮಾತನಾಡಲಿ, ಸಂಬಳ ಸರ್ಕಾರದಿಂದ ಬರಲಿ, ವರದಿ ಕನ್ನಡದಲ್ಲಿರಲಿ. ಕಟಕಟೆಯಲ್ಲಿ ನಿಂತವನಿಗೆ ತನ್ನ ಮೇಲಿನ ಆರೋಪವೇ ಅರ್ಥವಾಗದಿದ್ದರೆ ಅದನ್ನು ವಿಚಾರಣೆಯೆಂದು ನಾವು ಒಪ್ಪಲಾರೆವು.