ನಿಂದು ಬಿ ನಾ?

ಪರೀಕ್ಷೆ ಮುಗಿಸಿ ಬಂದ ಮಕ್ಕಳು ಉತ್ತರ ಹೋಲಿಸಿಕೊಳ್ಳಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಮೊದಲಿನಿಂದ ನಡೆದುಬಂದ ಕಟ್ಟಳೆ. "ಬರೆದದ್ದು ಬರೆದಾಯ್ತು, ಇನ್ನು ತಲೆ ಕೆಡಿಸ್ಕೋಬೇಡ" ಎನ್ನುತ್ತೇವೆ. ಹಾಗೆ ಹೇಳಿದ ಮರುಗಳಿಗೆಯೇ, "ಅದ್ಸರಿ, ಎಷ್ಟು ತಪ್ಪಾಯ್ತು?" ಎಂದೂ ನಾವೇ ಕೇಳುತ್ತೇವೆ. ನಾನಾದರೆ ಮಕ್ಕಳು ಹೋಲಿಸಿಕೊಳ್ಳಲಿ, ಬೇಕಾದರೆ ಜಗಳವಾಡಿಯೇ ಹೋಲಿಸಿಕೊಳ್ಳಲಿ ಎನ್ನುತ್ತೇನೆ. ಬಾಯಿ ಮುಚ್ಚಿಕೊಂಡಿರಬೇಕಾದವರು ದೊಡ್ಡವರು.

ನವೋದಯದ ಪ್ರವೇಶ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಚಳಿಗಾಲದ ಒಂದು ಶನಿವಾರ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ, ಐದನೆಯ ತರಗತಿಯ ಮಕ್ಕಳು ಕೂತು ಬರೆಯುತ್ತಾರೆ. 80 ಪ್ರಶ್ನೆ, 100 ಅಂಕ. ಇದರಲ್ಲಿ ಭಾಷೆಯದು 20 ಪ್ರಶ್ನೆ, 25 ಅಂಕ. ಆ ಭಾಗ ಪೂರಾ ಓದಿನದೇ. ನಾಲ್ಕು ಗದ್ಯಭಾಗ ಕೊಡುತ್ತಾರೆ, ಒಂದೊಂದಕ್ಕೂ ಐದೈದು ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು. ಬರೆಯುವುದೆಂದರೆ ಏನು, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಒಎಂಆರ್ ಹಾಳೆಯ ಸೊನ್ನೆಗೆ ಮಸಿ ತುಂಬುವುದು. ಹತ್ತು ವರ್ಷದ ಮಗುವಿನ ಓದು ಇಪ್ಪತ್ತು ಕಪ್ಪು ಚುಕ್ಕೆಗಳಾಗಿ ಯಂತ್ರದ ಮುಂದೆ ಹೋಗುತ್ತದೆ.

ಪರೀಕ್ಷೆಯೇ ಬೇಡ ಎಂದು ಹೇಳುವಷ್ಟು ತಿಳಿಗೇಡಿ ನಾನಲ್ಲ. ಒಂದು ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಇರುವುದು ಹೆಚ್ಚೆಂದರೆ 80 ಸೀಟು. ಅದರಲ್ಲಿ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ, ಒಟ್ಟಾರೆ ಮೂರನೆಯ ಒಂದು ಪಾಲಾದರೂ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಪುಕ್ಕಟೆ. ಒಂಬತ್ತರಿಂದ ಆಚೆಗೆ ಇರುವ ಅಷ್ಟಿಷ್ಟು ತಿಂಗಳ ಹಣವೂ ಹೆಣ್ಣುಮಕ್ಕಳಿಗೆ ಮಾಫಿ. ಹತ್ತನೆಯ ತರಗತಿ ಮುಗಿಯುತ್ತಲೇ ವರ ಹುಡುಕುವ ಮನೆಯಲ್ಲಿ ಹುಟ್ಟಿದ ಹುಡುಗಿಗೆ, ಹನ್ನೆರಡನೆಯವರೆಗೆ ಯಾರ ಕೈಯನ್ನೂ ಕಾಯದೆ ಓದುವುದೆಂದರೆ ಸಣ್ಣ ಮಾತಲ್ಲ. ಒಂದೂಕಾಲು ಅಂಕದ ಒಂದು ಚುಕ್ಕೆಗೆ ಅಮ್ಮಂದಿರು ಉಸಿರು ಬಿಗಿಹಿಡಿಯುವುದು ಇದಕ್ಕೇ. ಆ ಆತಂಕವನ್ನು ನಾನು ಹಗುರ ಮಾಡಿ ಆಡುತ್ತಿಲ್ಲ.

ಆದರೆ ಆ ಗೇಟಿನ ಹೊರಗೆ ನಡೆಯುವುದನ್ನು ಒಮ್ಮೆ ನೋಡಿ. ಮೊಸರನ್ನದ ಡಬ್ಬಿ ಹಿಡಿದ ಅಮ್ಮಂದಿರು, ಬೈಕಿನ ಮೇಲೆ ಕೂತ ಅಪ್ಪಂದಿರು, ಅವರ ನಡುವೆ ಕೋಚಿಂಗ್ ಸೆಂಟರಿನ ಮೇಷ್ಟ್ರು. ಮಕ್ಕಳು ಓಡಿ ಬರುತ್ತಾರೆ. ಮೊದಲು ಬರುವುದು ಕತೆ: "ಆ ಮೇಕೆ ಕಳೆದುಹೋದದ್ದು ಬಂತಲ್ಲ, ಅದರಲ್ಲಿ..." ಎಂದು ಒಬ್ಬಳು ಶುರು ಮಾಡುತ್ತಾಳೆ. ಅಷ್ಟರಲ್ಲಿ ಯಾರೋ ದೊಡ್ಡವರು, "ಕತೆ ಇರಲಿ, ನೀನು ಯಾವುದಕ್ಕೆ ಹಾಕಿದೆ? ಬಿ ನಾ?" ಎನ್ನುತ್ತಾರೆ. ಮುಗಿಯಿತು. ಅಲ್ಲಿಂದ ಮುಂದೆ ಮೇಕೆಯೂ ಇಲ್ಲ, ಊರೂ ಇಲ್ಲ, ಬರೀ ಎ, ಬಿ, ಸಿ, ಡಿ.

ಆ ಮೇಕೆಯ ಕತೆಯನ್ನೇ ಉದಾಹರಣೆಗೆ ಹಿಡಿಯೋಣ. ಇದು ಯಾವ ಪ್ರಶ್ನೆಪತ್ರಿಕೆಯದೂ ಅಲ್ಲ, ನಾನೇ ಕಟ್ಟಿದ್ದು. ಗೌರಿಯ ಮೇಕೆ ತಪ್ಪಿಸಿಕೊಂಡಿದೆ. ಹುಡುಕುತ್ತ ಹುಡುಕುತ್ತ ಕತ್ತಲಾಗಿ, ಪಕ್ಕದೂರಿನ ಅಂಚಿನ ಮನೆಗೆ ಬರುತ್ತಾಳೆ. ಆ ಮನೆಯಾಕೆ ಮೇಕೆಗೆ ಸೊಪ್ಪು ಹಾಕಿ ಕಟ್ಟಿಕೊಂಡಿದ್ದಾಳೆ. ಗೌರಿಯನ್ನು ನೋಡಿದ್ದೇ ಗದರಿ, ಆಮೇಲೆ ಲಾಟೀನು ಹಿಡಿದು ಅವಳನ್ನು ಮನೆಗೆ ಬಿಟ್ಟುಬರುತ್ತಾಳೆ. ಪ್ರಶ್ನೆ: ಆಕೆ ಗದರಿದ್ದೇಕೆ? ಎ, ಸಿಟ್ಟಿನಿಂದ. ಬಿ, ಕಾಳಜಿಯಿಂದ. ಸಿ, ಹೊಟ್ಟೆಕಿಚ್ಚಿನಿಂದ. ಡಿ, ಭಯದಿಂದ. ಸರಿಯುತ್ತರ ಬಿ ಎಂದು ಮೇಷ್ಟ್ರು ಹೇಳುತ್ತಾರೆ. ಒಬ್ಬ ಹುಡುಗಿ ಡಿ ಎಂದು ತುಂಬಿದ್ದಾಳೆ. ಯಾಕಮ್ಮಾ ಎಂದು ಕೇಳಿದರೆ ಅವಳು ಹೇಳಬಹುದಾದದ್ದು ಇದು: "ಕತ್ತಲಾಗಿತ್ತಲ್ಲ, ಗೌರಿ ಒಬ್ಬಳೇ ಬಂದಿದ್ದಳಲ್ಲ. ಆ ಆಂಟಿಗೆ ಹೆದರಿಕೆ ಆಗಿರುತ್ತೆ. ನಮ್ಮಮ್ಮನೂ ಹಂಗೇ, ತಡವಾದರೆ ಬೈತಾಳೆ."

ಹೇಳಿ, ಈ ಹುಡುಗಿಗೆ ಓದಲು ಬರುವುದಿಲ್ಲವೆ? ಕಾಳಜಿ ಎಂದವನು ಅಚ್ಚಾದ ಸಾಲನ್ನು ಓದಿದ್ದಾನೆ. ಇವಳು ಕತ್ತಲನ್ನೂ ಒಂಟಿ ಹುಡುಗಿಯನ್ನೂ ಬೈಗುಳವನ್ನೂ ಸೇರಿಸಿ ಓದಿದ್ದಾಳೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದು ನಾನು ಕೇಳುವುದೂ ಇಲ್ಲ. ಲಕ್ಷಾಂತರ ಹಾಳೆ ನೋಡುವ ಯಂತ್ರಕ್ಕೆ ಒಂದೇ ಉತ್ತರ ಬೇಕು. ಆದರೆ ಗೇಟಿನಲ್ಲಿ ನಿಂತ ನಾವು ಯಂತ್ರಗಳೆ? ಒಳಗೆ ತುಂಬಿದ ಮಸಿ ತುಂಬಿಯಾಗಿದೆ. ಹೊರಗೆ ಎಷ್ಟು ಲೆಕ್ಕ ಹಾಕಿದರೂ ಕಾಲು ಅಂಕ ಹೆಚ್ಚುವುದಿಲ್ಲ. ಹಾಗಿದ್ದ ಮೇಲೆ ಆ ಹುಡುಗಿ ತನ್ನ ಡಿಗೆ ಕಾರಣ ಹೇಳಲು ನಾವು ಐದು ನಿಮಿಷ ಬಿಡಲಾರೆವೇಕೆ?

ಕಾರಣ ಹೇಳುವ ಮೊದಲೇ ಇನ್ನೊಂದು ನಡೆದುಹೋಗುತ್ತದೆ. ನನಗೆ ಸಂಕಟವಾಗುವುದು ಇದಕ್ಕೇ. ಸುತ್ತ ನಿಂತ ಐದಾರು ಮಕ್ಕಳು ಬಿ, ಬಿ ಎಂದು ಕೂಗಿದಾಗ, ಡಿ ತುಂಬಿದ ಹುಡುಗಿ ಮೆಲ್ಲಗೆ "ನಂದೂ ಬಿ ನೇ" ಎಂದುಬಿಡುತ್ತಾಳೆ. ಹುಡುಗರು ತಪ್ಪಿದ್ದರೂ "ನಂದೇ ಸರಿ, ಪ್ರಶ್ನೆಯೇ ತಪ್ಪು" ಎಂದು ಹಟ ಹಿಡಿಯುವುದುಂಟು. ಹುಡುಗಿಯರು ಹೀಗೆ ಸದ್ದಿಲ್ಲದೆ ಗುಂಪಿಗೆ ಸೇರಿಕೊಳ್ಳುವುದೇ ಹೆಚ್ಚು. ಹತ್ತನೆಯ ವಯಸ್ಸಿಗೇ ತನ್ನ ಕಣ್ಣು ಕಂಡದ್ದನ್ನು ಬಿಟ್ಟುಕೊಡುವ ಅಭ್ಯಾಸ! ಮುಂದೆ ಸೀರೆ ಆರಿಸುವಾಗ, ಸೈಟು ಕೊಳ್ಳುವಾಗ, ಮತ ಹಾಕುವಾಗ "ನೀವು ಹೇಳಿದ್ದೇ ನಂದೂ" ಎನ್ನುವ ಹೆಂಗಸರನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ಇನ್ನು ಕೋಚಿಂಗಿನವರ ಪಾಠ. "ಗದ್ಯ ಓದಿ ಹೊತ್ತು ಕಳೀಬೇಡ, ಮೊದಲು ಪ್ರಶ್ನೆ ಓದು, ಅದರಲ್ಲಿನ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು" ಎಂದು ಕಲಿಸುತ್ತಾರೆ. ಭಾಷೆಗೆ ಹಿಡಿಯುವ ಹೊತ್ತು ಅರ್ಧ ಗಂಟೆ, ಹಾಗಾಗಿ ಇದು ಜಾಣತನವೇ ಇರಬಹುದು. ಅಕ್ಕಿಯಲ್ಲಿ ಕಲ್ಲು ಆರಿಸುವವಳಿಗೂ ಅದು ಬರುತ್ತದೆ. ಓದಿನ ಪರೀಕ್ಷೆಗೆ ಓದದೆ ತಯಾರಾಗುವ ಈ ವಿದ್ಯೆಗೆ ನಾವು ಫೀಸು ಕಟ್ಟುತ್ತೇವೆ. ಅದೇ ದುಡ್ಡಿಗೆ ಮನೆಗೆ ಎಷ್ಟು ಕತೆ ಪುಸ್ತಕ ಬಂದಾವು ಎಂದು ಲೆಕ್ಕ ಹಾಕಿದವರು ನಮ್ಮ ಬೀದಿಯಲ್ಲಂತೂ ಯಾರೂ ಕಾಣೆ.

ಮೇಷ್ಟ್ರಿಗೆ ಫಲಿತಾಂಶದ ಬೋರ್ಡು ಬೇಕು, ಅವರು ಕೇಳಲಿ. ಅಪ್ಪಂದಿರು ಬೈಕು ಸ್ಟಾರ್ಟ್ ಮಾಡಿಕೊಂಡೇ ಕೇಳುತ್ತಾರೆ, ಕೇಳಲಿ. ಡಬ್ಬಿ ಹಿಡಿದು ನಿಂತ ನಾವು ಮಾತ್ರ ಅಂಕ ಕೇಳುವುದು ಬೇಡ. ಫಲಿತಾಂಶಕ್ಕೆ ಹೇಗೂ ಇನ್ನೂ ಎಷ್ಟೋ ವಾರ ಇರುತ್ತದೆ. ಮಕ್ಕಳು ಮೇಕೆಯ ಬಗ್ಗೆ ಜಗಳವಾಡುತ್ತ ಬಸ್ ಸ್ಟ್ಯಾಂಡಿನವರೆಗೆ ಬರಲಿ. ನಾಚಿ ಹಿಂದೆ ಬಿದ್ದವಳ ಹೆಗಲ ಮೇಲೆ ಕೈಯಿಟ್ಟು, "ಆ ಮನೆಯಾಕೆ ಯಾಕೆ ಬೈದಳಂತೆ, ನಂಗೂ ಸ್ವಲ್ಪ ಹೇಳು ಪುಟ್ಟಿ" ಎಂದು ಕೇಳಿ.