ಟ್ವೀಟರ್ ಸರಿಯಾಗೇ ಇತ್ತು

"ಟ್ವೀಟರ್ ಹೋಗಿದೆ ಕಣೋ, ತಾಳದ ಸದ್ದೇ ಇಲ್ಲ" ಅಂತ ತಿಂಗಳಿಂದ ಅಪ್ಪಂದು ಒಂದೇ ರಗಳೆ. ಹೊಸ ಸ್ಪೀಕರ್‌ಗೆ ದುಡ್ಡು ಸುರಿಯೋ ಮುಂಚೆ ನೋಡೋಣ ಅಂತ ಭಾನುವಾರ ಮೊಬೈಲಿಗೆ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್ಲಿಫೈಯರ್‌ಗೆ ಕೇಬಲ್ ಚುಚ್ಚಿದೆ. (ನೀವೂ ಮಾಡೋದಾದ್ರೆ ವಾಲ್ಯೂಮ್ ಇಳಿಸಿಯೇ ಶುರು ಮಾಡಿ, ಜೋರಾದ ಹೈ ಟೋನಿಗೆ ಒಳ್ಳೇ ಟ್ವೀಟರ್ ಕೂಡ ಸುಟ್ಟುಹೋಗಬಹುದು.)

1000 ಹರ್ಟ್ಸ್ ಚೆನ್ನಾಗಿತ್ತು. 4000ಕ್ಕೆ ಅಪ್ಪ ಸ್ವಲ್ಪ ಮುಂದೆ ಬಗ್ಗಿದರು. 8000ಕ್ಕೆ ಎರಡೂ ಸ್ಪೀಕರ್ ನನ್ನ ಕಿವಿ ಚುಚ್ಚುತ್ತಿದ್ದವು.

"ಯಾಕೋ ನಿಲ್ಲಿಸಿಬಿಟ್ಟೆ?" ಅಂದರು.

ನಾನು ನಿಲ್ಲಿಸಿರಲಿಲ್ಲ.

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪೋದು ಹೈ ಫ್ರೀಕ್ವೆನ್ಸಿಯೇ. 'ಸ', 'ಶ' ಸದ್ದುಗಳೂ ಹೆಚ್ಚಾಗಿ ಅಲ್ಲೇ ಇರೋದು. ಫೋನಲ್ಲಿ ಅವರು "ಏನು? ಏನು?" ಅಂದಾಗೆಲ್ಲ ನಾನು ನೆಟ್‌ವರ್ಕ್‌ಗೆ ಬೈತಿದ್ದೆ. ಆ್ಯಪ್ ಕಿವಿ ಪರೀಕ್ಷೆ ಅಲ್ಲ, ಗುರುವಾರ ಆಡಿಯೋಮೆಟ್ರಿಗೆ ಕರ್ಕೊಂಡು ಹೋಗ್ತಿದೀನಿ. ಅವರಿಗೆ ಸದ್ಯಕ್ಕೆ ಹೇಳಿರೋದು ಸ್ಪೀಕರ್ ಅಂಗಡಿಗೆ ಅಂತ.