ಸಜ್ಜೆಯ ಕಣಕ, ಕೋಕೋ ಹೂರಣ

‘ಪೈ’ ಎಂಬ ತಿನಿಸಿನ ಹೆಸರು ನಮಗೆ ಹೊಸದಾದರೂ ಅದರ ರಚನೆ ಹೊಸದಲ್ಲ. ಹಿಟ್ಟಿನಿಂದ ಮಾಡಿದ ತಟ್ಟೆಯಾಕಾರದ ಒಂದು ಕವಚ, ಅದರೊಳಗೆ ತುಂಬಿದ ಸಿಹಿ ತಿರುಳು: ಇಷ್ಟೇ ಪೈ. ಕವಚವನ್ನು ಕಣಕವೆಂದೂ ತಿರುಳನ್ನು ಹೂರಣವೆಂದೂ ಕರೆದೊಡನೆಯೇ ಅದು ನಮ್ಮ ಹೋಳಿಗೆ, ಕಡುಬುಗಳ ದೂರದ ಬಂಧುವೆಂಬುದು ತಿಳಿಯುತ್ತದೆ. ಬೇಕರಿಯ ಚಾಕೊಲೇಟ್ ಪೈಯಲ್ಲಿ ಕಣಕಕ್ಕೆ ಮೈದಾ ಮತ್ತು ಬೆಣ್ಣೆ. ಹೂರಣಕ್ಕೆ ಸಕ್ಕರೆ, ಕೆನೆ ಮತ್ತು ಚಾಕೊಲೇಟು. ಇತ್ತೀಚಿನ ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳ ಅಡುಗೆಯವರು ಈ ತಿನಿಸನ್ನು ಆರೋಗ್ಯಕರವಾಗಿಸಲೆಂದು ಅದರ ಹೂರಣಕ್ಕೆ ಬೇಯಿಸಿ ಅರೆದ ಬೀನ್ಸ್ ಕಾಳನ್ನೋ, ಬೆಣ್ಣೆಹಣ್ಣನ್ನೋ, ಸೋಯಾ ಪನೀರನ್ನೋ ಬೆರೆಸತೊಡಗಿದ್ದಾರೆ. ಸಿಹಿತಿನಿಸಿನಲ್ಲಿ ಕಾಳು ಎಂದರೆ ಅಲ್ಲಿಯವರಿಗೆ ಅಚ್ಚರಿ. ಬೇಳೆಯನ್ನು ಬೇಯಿಸಿ, ಬಸಿದು, ಬೆಲ್ಲದೊಡನೆ ಅರೆಯುವುದು ನಮ್ಮಲ್ಲಿ ಪ್ರತಿ ಹಬ್ಬದ ಕೆಲಸ. ಅದರಲ್ಲಿ ಅಚ್ಚರಿಪಡಲು ಏನೂ ಇಲ್ಲ.

ಈ ಸಾಮಾನ್ಯ ಸಂಗತಿಯಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ಒಂದು ಪಾಠವಿದೆಯೆಂದು ನಾವು ಭಾವಿಸುತ್ತೇವೆ. ಸಿಹಿತಿನಿಸಿನ ಗುಣವನ್ನು ನಿರ್ಣಯಿಸುವುದು ಅದರ ಹೆಸರಲ್ಲ. ಅದರಲ್ಲಿ ಮೈದಾ ಮತ್ತು ಸಕ್ಕರೆಯ ಸ್ಥಾನವನ್ನು ಧಾನ್ಯ ಮತ್ತು ಕಾಳುಗಳು ಎಷ್ಟರಮಟ್ಟಿಗೆ ಪಡೆದಿವೆ ಎಂಬ ತೂಕದ ಲೆಕ್ಕ. ಇದನ್ನು ಪರೀಕ್ಷಿಸಿ ನೋಡಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಿಂತ ತಕ್ಕ ಸ್ಥಳವಿಲ್ಲ.

೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಈ ನಾಲ್ಕೇ ಅದರ ತಾಲ್ಲೂಕುಗಳಾಗಿದ್ದವು. ಒಂದೇ ಜಿಲ್ಲೆಯಾದರೂ ಇಲ್ಲಿ ಎರಡು ಬಗೆಯ ಬೇಸಾಯಗಳಿವೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಬಯಲು ಭತ್ತದ ನಾಡಾಯಿತು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗವಾದರೋ ಮಳೆಯನ್ನೇ ನಂಬಿದ ನೆಲ. ಅಲ್ಲಿಯ ಮಸಬು ಭೂಮಿಯಲ್ಲಿ ಸಜ್ಜೆ, ನವಣೆ, ಶೇಂಗಾ, ಹೆಸರು. ಎರೆ ಭೂಮಿಯಲ್ಲಿ ಬಿಳಿಜೋಳ ಮತ್ತು ಕಡಲೆ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ನೆಲದಲ್ಲಿ ಸಜ್ಜೆ ಬಾಳುವುದು ತನ್ನ ಆಳವಾದ ಬೇರಿನಿಂದ ಮತ್ತು ಬಿಸಿಲನ್ನು ಸಹಿಸುವ ಸ್ವಭಾವದಿಂದ.

ಇಂತಹ ಬೆಳೆಯ ಮೇಲೆ ಎರಡು ಕಡೆಯಿಂದ ಒತ್ತಡ ಬಂದಿದೆ. ಹೊಲದಲ್ಲಿ ಅದರ ಜಾಗಕ್ಕೆ ಮೆಕ್ಕೆಜೋಳ ಬರುತ್ತಿದೆ. ಅದರ ಬಹುಪಾಲು ಕೋಳಿಯ ಆಹಾರಕ್ಕೂ ಕಾರ್ಖಾನೆಗಳಿಗೂ ಹೋಗುತ್ತದೆ. ಊಟದ ತಾಟಿನಲ್ಲಿ ಅದರ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿ ಬಂದಿದೆ. ಇವೆರಡಕ್ಕಿಂತಲೂ ಹೆಚ್ಚಿನದು ಮನಸ್ಸಿನ ತಿರಸ್ಕಾರ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಎಳ್ಳು ಅಮಾವಾಸ್ಯೆಗೆ, ಸಂಕ್ರಾಂತಿಗೆ ಒಂದು ದಿನ ಮೆಚ್ಚಿ ತಿಂದು, ಉಳಿದ ದಿನಗಳಲ್ಲಿ ಅದನ್ನು ಬಡವರ ಕಾಳೆಂದು ಬದಿಗೆ ತಳ್ಳುವವರಿದ್ದಾರೆ. ೨೦೨೩ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆದರೆ ಶಾಲೆ ಬಿಟ್ಟ ಹುಡುಗ ಹುಡುಗಿಯರು ಅಂಗಡಿಯಲ್ಲಿ ಕೊಳ್ಳುವುದು ಚಾಕೊಲೇಟು ಬಿಸ್ಕತ್ತನ್ನು. ಅವರ ರುಚಿಯನ್ನು ಹಳಿದು ಫಲವಿಲ್ಲ. ಅವರ ನಾಲಗೆ ಬೇಡುವ ಕೋಕೋವಿಗೂ ಅವರ ಊರಿನ ಹೊಲದಲ್ಲಿ ಬೆಳೆಯುವ ಸಜ್ಜೆಗೂ ನಂಟು ಬೆಸೆಯಬಾರದೇಕೆ ಎಂಬುದೇ ನಮ್ಮ ಪ್ರಶ್ನೆ.

ಈ ನಂಟು ವಿಚಿತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಪ್ರಾಚೀನ ಜನರು ಕೋಕೋ ಬೀಜವನ್ನು ಅರೆದು, ಮೆಕ್ಕೆಜೋಳದ ಹಿಟ್ಟನ್ನೂ ಮೆಣಸಿನಕಾಯಿಯನ್ನೂ ಬೆರೆಸಿ ಕುಡಿಯುತ್ತಿದ್ದರು. ಕೋಕೋವಿಗೆ ಸಕ್ಕರೆ ಜೊತೆಯಾದದ್ದು ಅದು ಯುರೋಪಿಯನ್ನರ ಕೈಸೇರಿದ ಮೇಲೆ. ೧೮೨೮ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಅರೆದ ಬೀಜವನ್ನು ಯಂತ್ರದಲ್ಲಿ ಒತ್ತಿ, ಕೊಬ್ಬನ್ನು ಬೇರ್ಪಡಿಸಿ, ಉಳಿದ ಹಿಂಡಿಯನ್ನು ಪುಡಿ ಮಾಡುವ ಕ್ರಮವನ್ನು ಬಳಕೆಗೆ ತಂದರು. ಇದೇ ಕೋಕೋ ಪುಡಿ. ನಮ್ಮ ರಾಜ್ಯದಲ್ಲಿಯೂ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. ೧೯೭೩ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಹೀಗಿರುವಾಗ ಕರಾವಳಿಯ ಕೋಕೋ ಮತ್ತು ಬಯಲುಸೀಮೆಯ ಸಜ್ಜೆ ಎರಡೂ ನಮ್ಮವೇ.

ಚಾಕೊಲೇಟನ್ನು ಬಿಟ್ಟು ಕೋಕೋ ಪುಡಿಯನ್ನು ಆರಿಸಲು ಎರಡು ಕಾರಣಗಳಿವೆ. ಅಂಗಡಿಯ ಹಾಲು ಚಾಕೊಲೇಟಿನಲ್ಲಿ ಸುಮಾರು ಅರ್ಧದಷ್ಟು ತೂಕ ಸಕ್ಕರೆಯದೇ. ಸಿಹಿ ಬೆರೆಸದ ಪುಡಿಯಲ್ಲಾದರೋ ಸಕ್ಕರೆಯ ಅಳತೆ ನಮ್ಮ ಕೈಯಲ್ಲಿರುತ್ತದೆ. ಎರಡನೆಯದು ಹವೆಯ ಮಾತು. ಚಾಕೊಲೇಟಿಗೆ ಗಟ್ಟಿತನವನ್ನು ಕೊಡುವ ಕೋಕೋ ಬೆಣ್ಣೆ ೩೪ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕರಗುತ್ತದೆ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮುಟ್ಟುವ ಕೊಪ್ಪಳದಲ್ಲಿ ಅದು ಶೀತಪೆಟ್ಟಿಗೆಯ ಹೊರಗೆ ನಿಲ್ಲಲಾರದು. ಬಹುಪಾಲು ಕೊಬ್ಬು ಹೋದ ಪುಡಿಗೆ ಆ ತೊಂದರೆಯಿಲ್ಲ.

ಇನ್ನು ಕಣಕದ ವಿಚಾರ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಸಸಾರಜನಕದ ಜಾಲ ಹಿಟ್ಟಿಗೆ ಎಳೆತವನ್ನು ಕೊಡುತ್ತದೆ. ಆದುದರಿಂದಲೇ ಮೈದಾ ಹಾಳೆಯಂತೆ ತೆಳುವಾಗುತ್ತದೆ. ಸಜ್ಜೆಯಲ್ಲಿ ಗ್ಲುಟೆನ್ ಇಲ್ಲ. ನಮ್ಮ ಹೆಣ್ಣುಮಕ್ಕಳು ರೊಟ್ಟಿಯ ಹಿಟ್ಟಿಗೆ ಕುದಿನೀರು ಹಾಕುವುದು ಇದೇ ಕಾರಣಕ್ಕೆ: ಬಿಸಿಗೆ ಪಿಷ್ಟ ಉಬ್ಬಿ ಅಂಟಾಗಿ, ಇಲ್ಲದ ಜಾಲದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಪೈಯ ಕವಚಕ್ಕೆ ಇನ್ನೂ ಸುಲಭವಾದ ದಾರಿ ತಂಬಿಟ್ಟಿನದು. ಹುರಿದ ಹಿಟ್ಟಿಗೆ ಬೆಲ್ಲದ ಪಾಕ, ತುಪ್ಪ ಬೆರೆಸಿ ತಟ್ಟೆಯಲ್ಲಿ ಒತ್ತಿಬಿಟ್ಟರೆ ಕವಚ ಸಿದ್ಧ. ಬೇಕರಿಯ ಭಟ್ಟಿ ಬೇಡ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚು. ಬೀಸಿದೊಡನೆ ಅದರೊಳಗಿನ ಕಿಣ್ವಗಳು ಆ ಕೊಬ್ಬನ್ನು ಒಡೆಯತೊಡಗುವುದರಿಂದ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹಿಟ್ಟು ಹೊಸದಾಗಿರಬೇಕು, ಬೀಸಿದ ಕೂಡಲೇ ಹುರಿದರೆ ಇನ್ನೂ ಒಳ್ಳೆಯದು.

ಎಂಟು ತುಂಡುಗಳಿಗೆ ಅಳತೆ ಹೀಗಿರಲಿ. ಕಣಕಕ್ಕೆ ಸಜ್ಜೆಯ ಹಿಟ್ಟು ೧೫೦ ಗ್ರಾಂ, ಹುರಿದು ಕುಟ್ಟಿದ ಶೇಂಗಾ ೫೦ ಗ್ರಾಂ, ಬೆಲ್ಲ ೩೦ ಗ್ರಾಂ, ತುಪ್ಪ ೩೦ ಗ್ರಾಂ. ಹೂರಣಕ್ಕೆ ಕಡಲೆಬೇಳೆ ೧೫೦ ಗ್ರಾಂ, ನುಣ್ಣಗೆ ಅರೆದ ಶೇಂಗಾ ೫೦ ಗ್ರಾಂ, ಕೋಕೋ ಪುಡಿ ೩೦ ಗ್ರಾಂ, ಬೆಲ್ಲ ೭೦ ಗ್ರಾಂ, ಚೆನ್ನಾಗಿ ಮಾಗಿದ ಎರಡು ಬಾಳೆಹಣ್ಣು. ಆನೆಗೊಂದಿಯ ಬಾಳೆತೋಟಗಳು ಗಂಗಾವತಿಗೆ ಹತ್ತಿರದಲ್ಲೇ ಇವೆ. ಬೇಳೆಯನ್ನು ಮೆತ್ತಗೆ ಬೇಯಿಸಿ ಬಸಿಯಬೇಕು; ಬಸಿದ ಕಟ್ಟು ಸಾರಿಗಾಗುತ್ತದೆ. ಬೇಳೆಯನ್ನು ಉಳಿದ ಸಾಮಗ್ರಿಗಳೊಡನೆ ಅರೆದು, ಸಣ್ಣ ಉರಿಯಲ್ಲಿ ಮಗುಚುತ್ತ ಗಟ್ಟಿ ಮಾಡಿ, ಕವಚದಲ್ಲಿ ತುಂಬಿ ಆರಲು ಬಿಡಬೇಕು. ಹೋಳಿಗೆಗೆ ಬೇಳೆಯ ಸಮತೂಕ ಬೆಲ್ಲವನ್ನು ಹಾಕುವುದು ರೂಢಿ. ಇಲ್ಲಿ ಹೂರಣದ ಬೆಲ್ಲ ಅದರ ಅರ್ಧಕ್ಕಿಂತ ಕಡಿಮೆಯೆಂಬುದನ್ನು ಗಮನಿಸಬೇಕು. ಕೋಕೋವಿನ ಕಹಿಯನ್ನು ಬಾಳೆಹಣ್ಣೂ ಶೇಂಗಾದ ಎಣ್ಣೆಯ ಅಂಶವೂ ಮೃದುಗೊಳಿಸುತ್ತವೆ.

ಈಗ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ಸಜ್ಜೆಯಲ್ಲಿ ಸಸಾರಜನಕ ಸುಮಾರು ೧೧ ಗ್ರಾಂ, ನಾರು ೧೧.೫ ಗ್ರಾಂ, ಕಬ್ಬಿಣ ೬.೪ ಮಿಲಿಗ್ರಾಂ. ಅಷ್ಟೇ ಮೈದಾದಲ್ಲಿ ಸಸಾರಜನಕ ೧೦.೪ ಗ್ರಾಂ, ನಾರು ೨.೮ ಗ್ರಾಂ, ಕಬ್ಬಿಣ ೧.೮ ಮಿಲಿಗ್ರಾಂ. ಸಸಾರಜನಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ನಾರು ಮತ್ತು ಕಬ್ಬಿಣಗಳಲ್ಲಿ ಸಜ್ಜೆ ಬಹಳ ಮುಂದಿದೆ. ಸಸಾರಜನಕವನ್ನು ತುಂಬಿಕೊಡುವುದು ಬೇಳೆ ಮತ್ತು ಶೇಂಗಾ. ಸಜ್ಜೆ, ಬೇಳೆ, ಶೇಂಗಾ ಈ ಮೂರನ್ನೇ ಎಣಿಸಿದರೂ ಒಂದು ತುಂಡಿಗೆ ಸುಮಾರು ೯ ಗ್ರಾಂ ಸಸಾರಜನಕ, ೬ ಗ್ರಾಂ ನಾರು, ಮೂರಕ್ಕೆ ತುಸು ಕಡಿಮೆ ಮಿಲಿಗ್ರಾಂ ಕಬ್ಬಿಣ ದೊರೆಯುತ್ತವೆ. ಸಜ್ಜೆಗೆ ಬದಲಾಗಿ ಮೈದಾ ಹಾಕಿದರೆ ಕಬ್ಬಿಣ ಎರಡು ಮಿಲಿಗ್ರಾಮಿಗಿಂತ ಕೆಳಗಿಳಿಯುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡದಿದ್ದರೆ ಅದು ವಿಜ್ಞಾನವಾಗದು. ಒಂದು ತುಂಡಿನಲ್ಲಿ ೧೨.೫ ಗ್ರಾಂ ಬೆಲ್ಲವಿದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ‘ಬೆಲ್ಲ ಹಾಕಿದ್ದೇವೆ, ಎಷ್ಟು ತಿಂದರೂ ಚಿಂತೆಯಿಲ್ಲ’ ಎನ್ನುವ ಮಾತಿಗೆ ಆಧಾರವಿಲ್ಲ. ದಿನಕ್ಕೆ ೨೦೦೦ ಕ್ಯಾಲೊರಿ ಉಣ್ಣುವವರು ಹೊರಗಿನಿಂದ ಬೆರೆಸಿದ ಸಕ್ಕರೆಯನ್ನು ೫೦ ಗ್ರಾಮಿನೊಳಗೆ, ಸಾಧ್ಯವಾದರೆ ೨೫ ಗ್ರಾಮಿನೊಳಗೆ ಇರಿಸಿಕೊಳ್ಳಬೇಕೆಂಬುದು ೨೦೧೫ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ನಮ್ಮ ಒಂದು ತುಂಡೇ ಆ ಕಿರಿಯ ಮಿತಿಯ ಅರ್ಧವನ್ನು ಮುಟ್ಟುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು ೩೦೦ ಕ್ಯಾಲೊರಿ. ಇದು ಹಗುರವಾದ ತಿನಿಸಲ್ಲ. ಕೊಟ್ಟ ಶಕ್ತಿಯೊಡನೆ ಪೋಷಣೆಯನ್ನೂ ಕೊಡುವ ತಿನಿಸು. ಒಂದು ತುಂಡಿಗೆ ನಿಲ್ಲಿಸಬೇಕು.

ಕಬ್ಬಿಣದ ಬಗೆಗೂ ಸತ್ಯವನ್ನು ಮರೆಮಾಚಬಾರದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ೧೫ರಿಂದ ೪೯ ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವುದನ್ನು ತೋರಿಸಿದೆ. ಇದನ್ನು ಚಾಕೊಲೇಟ್ ಪೈ ನೀಗಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಧಾನ್ಯದ ಹೊರಪದರದ ಫೈಟಿಕ್ ಆಮ್ಲವೂ ಕೋಕೋವಿನ ಒಗರು ದ್ರವ್ಯಗಳೂ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಅಡ್ಡಿಯಾಗುತ್ತವೆ. ಸಜ್ಜೆಯನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಫೈಟಿಕ್ ಆಮ್ಲ ತಗ್ಗುತ್ತದೆ. ಜೊತೆಗೆ ಪೇರಲ, ನೆಲ್ಲಿ, ನಿಂಬೆಗಳಂತಹ ‘ಸಿ’ ಜೀವಸತ್ವದ ಹಣ್ಣು ತಿಂದರೆ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಚಹಾ ಕುಡಿದರೆ ಕುಗ್ಗುತ್ತದೆ. ರಕ್ತಹೀನತೆಯುಳ್ಳವರಿಗೆ ವೈದ್ಯರು ಕೊಡುವ ಗುಳಿಗೆಯೇ ಔಷಧ, ತಿನಿಸು ಔಷಧವಲ್ಲ.

‘ಹೋಳಿಗೆ ಇರುವಾಗ ಈ ಬೆರಕೆ ಏಕೆ?’ ಎಂದು ಹಿರಿಯರು ಆಕ್ಷೇಪಿಸಬಹುದು. ಹೋಳಿಗೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಜನ ಉಣ್ಣುವ ಮಾದಲಿಯನ್ನು ನೋಡಿರಿ. ತೌಡು ತೆಗೆಯದ ಗೋಧಿಗೆ ಕಡಲೆಬೇಳೆ ಬೆರೆಸಿ ಬೀಸಿ, ರೊಟ್ಟಿ ಸುಟ್ಟು, ಪುಡಿ ಮಾಡಿ ಬೆಲ್ಲ ಸೇರಿಸುವ ಆ ಸಿಹಿ, ಧಾನ್ಯ ಮತ್ತು ಕಾಳು ಕೂಡಿರಬೇಕೆಂಬ ಇಂದಿನ ಪೋಷಣಶಾಸ್ತ್ರದ ಮಾತನ್ನು ಎಂದೋ ಆಚರಣೆಗೆ ತಂದಿದೆ. ಒಂದರಲ್ಲಿ ಕೊರತೆಯಾದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಇನ್ನೊಂದು ತುಂಬುತ್ತದೆ. ಆ ತತ್ತ್ವವನ್ನು ಹೊಸ ರುಚಿಗೆ ಒಯ್ಯುವುದಷ್ಟೇ ನಮ್ಮ ಸೂಚನೆ.

ನಮಗೆ ಹೆಚ್ಚು ಅಪಾಯಕರವಾಗಿ ಕಾಣುವುದು ಬೇರೊಂದು ಬೆರಕೆ. ಪೊಟ್ಟಣದ ಮೇಲೆ ಸಿರಿಧಾನ್ಯದ ಹೆಸರನ್ನು ದಪ್ಪಕ್ಷರದಲ್ಲಿ ಹೊತ್ತು, ಒಳಗೆ ಮೈದಾ, ಸಕ್ಕರೆ, ತಾಳೆ ಎಣ್ಣೆಗಳನ್ನೇ ತುಂಬಿಕೊಂಡ ತಿನಿಸುಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ. ಅದರಿಂದ ಉಣ್ಣುವವನಿಗೂ ಲಾಭವಿಲ್ಲ, ಕುಷ್ಟಗಿಯ ರೈತನ ಸಜ್ಜೆಯೂ ಖರ್ಚಾಗುವುದಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಮ್ಮ ದೇಶದ ಆಹಾರ ನಿಯಮ ವಿಧಿಸುತ್ತದೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆಯಾಗಿದ್ದರೆ ಮುಂಬದಿಯ ಹೆಸರಿಗೆ ಬೆಲೆಯಿಲ್ಲವೆಂದು ತಿಳಿಯಬೇಕು. ಎರಡು ಸಾಲು ಓದುವ ಈ ಅಭ್ಯಾಸ ಹಲವು ಉಪದೇಶಗಳಿಗಿಂತ ಮೇಲು.

ಆದುದರಿಂದ ಈ ನಾಲ್ಕು ಊರುಗಳ ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಸಂಘಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಪೂರ್ತಿ ಮೈದಾದ ಕವಚ, ಅರ್ಧ ಸಜ್ಜೆಯ ಕವಚ, ಪೂರ್ತಿ ಸಜ್ಜೆಯ ಕವಚ, ಹೀಗೆ ಮೂರು ಬಗೆಯ ಪೈಗಳನ್ನು ಒಂದೇ ಹೂರಣದಿಂದ ಮಾಡಿರಿ. ಪ್ರತಿ ಸಾಮಗ್ರಿಯನ್ನು ತೂಗಿ ಬರೆದಿಡಿರಿ. ಪೋಷಕಾಂಶವನ್ನೂ ಖರ್ಚನ್ನೂ ಲೆಕ್ಕ ಹಾಕಿರಿ. ಯಾವುದು ಯಾವುದೆಂದು ತಿಳಿಸದೆ, ಅಂಕಿ ಮಾತ್ರ ಹಚ್ಚಿ, ಸಹಪಾಠಿಗಳಿಗೆ ಕೊಟ್ಟು ರುಚಿಗೆ ಅಂಕ ಹಾಕಿಸಿರಿ. ಸಜ್ಜೆ ಸೋತರೆ ಸೋತಿತೆಂದೇ ಬರೆದು, ಹುರಿಯುವಿಕೆಯನ್ನೋ ಅಳತೆಯನ್ನೋ ತಿದ್ದಿ ಮತ್ತೆ ಪರೀಕ್ಷಿಸಿರಿ. ಗೆದ್ದರೆ ಆ ಅಳತೆಯನ್ನು ಊರಿನ ಬೇಕರಿಯವರಿಗೆ ಕೊಡಿರಿ. ಅವರು ಒಂದು ಮೂಟೆ ಸಜ್ಜೆ ಕೊಂಡರೂ ಆ ಹಣ ಊರಿನ ಹೊಲಕ್ಕೆ ಮರಳುತ್ತದೆ.